ಶೆಡ್ಡಿನ ಹಿಂದಿನ ಖಾಲಿ ಬ್ಯಾರಲ್‌ಗಳು

ಬೆಳಗಾವಿಯ ಉದ್ಯಮಬಾಗಿನಲ್ಲಿ ಯಾವ ಶೆಡ್ಡಿಗೆ ಹೋದರೂ ನಾನು ಮೊದಲು ಕೇಳೋದು ಹಿಂದಿನ ಬಾಗಿಲು ಎಲ್ಲಿದೆ ಅಂತ. ಫ್ರೇಮ್ ಹಾಕಿಸಿದ ಲೈಸೆನ್ಸು, ಬೆಂಕಿ ಆರಿಸುವ ಕೆಂಪು ಸಿಲಿಂಡರು, ದೇವರ ಫೋಟೋ ಎಲ್ಲ ಮುಂದೆ ಇರುತ್ತವೆ. ಖಾಲಿ ಬ್ಯಾರಲ್‌ಗಳು ಹಿಂದೆ ಇರುತ್ತವೆ.

"ಅವು ಖಾಲಿ ಅದಾವ್ರೀ ಸಾಹೇಬ್ರ, ಅವನ್ನೇನ್ ನೋಡ್ತೀರಿ, ಚಾ ಆರತೈತಿ ಬರ್ರಿ" ಅಂತ ಮಾಲೀಕರು ಕರೆಯುತ್ತಾರೆ. ಹದಿನೈದು ವರ್ಷದಿಂದ ಸುರಕ್ಷತೆಯ ಕಾಗದಪತ್ರ ನೋಡುವ ಕೆಲಸ ನನ್ನದು. ಈ ಮಾತು ಕೇಳದೆ ಮುಗಿದ ತಿಂಗಳಿಲ್ಲ.

ಕಳೆದ ವರ್ಷ ಖಂಡೇನವಮಿಗೆ ನಾಲ್ಕು ದಿನ ಇರುವಾಗ ಒಂದು ಪೇಂಟಿಂಗ್ ಶೆಡ್ಡಿಗೆ ಹೋಗಿದ್ದೆ. ಸ್ವಚ್ಛತೆ ಜೋರಾಗಿ ನಡೆದಿತ್ತು. ಹಿಂದೆ ಥಿನ್ನರಿನ, ಅಂದರೆ ಬಣ್ಣ ತೆಳು ಮಾಡುವ ದ್ರವದ, ಹದಿನಾಲ್ಕು ಖಾಲಿ ಬ್ಯಾರಲ್. ಒಂದಕ್ಕೂ ಬೂಚು ಇಲ್ಲ. ಪಕ್ಕದಲ್ಲೇ ಗೇಟಿನ ಹಳೇ ಬಿಜಾಗರಿಗೆ ವೆಲ್ಡಿಂಗ್ ಮಾಡುತ್ತಾ ಒಬ್ಬ ಹುಡುಗ ಕೂತಿದ್ದ. ಸ್ಟಾಕ್ ರಿಜಿಸ್ಟರ್ ತರಿಸಿದರೆ ಥಿನ್ನರ್ ಕಾಲಮ್ಮಿನಲ್ಲಿ ಸೊನ್ನೆ. ಮೊದಲು ಆ ಹುಡುಗನನ್ನು ಎಬ್ಬಿಸಿ ಮುಂದಕ್ಕೆ ಕಳಿಸಿದೆ. ಆಮೇಲೆ ಒಂದು ಬ್ಯಾರಲ್ ವಾಲಿಸಿ, ಕೆಳಗೆ ಸ್ಟೀಲ್ ಲೋಟ ಹಿಡಿಸಿದೆ. ಅರ್ಧ ಲೋಟ ಬಂತು. ಮಾಲೀಕರು ಬಗ್ಗಿ ನೋಡಿ, "ಇಷ್ಟರಾಗ ಏನ್ ಆಗ್ತೈತ್ರೀ?" ಅಂದರು.

ಎಲ್ಲರೂ ಎಡವೋದು ಈ ಪ್ರಶ್ನೆಯಲ್ಲೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಜಾರಾಗಬೇಡಿ. ಉರಿಯೋದು ಥಿನ್ನರ್ ಅಲ್ಲ, ಅದರ ಆವಿ. ಆ ಆವಿ ಉರಿಯಬೇಕಾದರೂ ಗಾಳಿ ಬೇಕು. ತುಂಬಿದ ಬ್ಯಾರಲ್ಲಿನಲ್ಲಿ ಗಾಳಿಗೆ ಜಾಗ ಎಲ್ಲಿದೆ? ಮೇಲೆ ನಾಲ್ಕು ಬೆರಳಿನಷ್ಟು. ಖಾಲಿ ಬ್ಯಾರಲ್ಲಿನಲ್ಲಿ 200 ಲೀಟರ್ ಗಾಳಿ ಇದೆ, ತಳದಲ್ಲಿ ಸ್ವಲ್ಪ ಥಿನ್ನರ್ ಉಳಿದಿದೆ. ಥಿನ್ನರಿನಲ್ಲಿ ಹೆಚ್ಚಾಗಿ ಇರುವ ಟಾಲ್ವೀನನ್ನೇ ತಗೊಳ್ಳಿ. ಗಾಳಿಯಲ್ಲಿ ಅದರ ಆವಿ ಶೇಕಡಾ 1.2ರ ಹತ್ತಿರ ಬಂದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. 200 ಲೀಟರ್ ಜಾಗವನ್ನು ಆ ಮಟ್ಟಕ್ಕೆ ತರಲು ಎಷ್ಟು ದ್ರವ ಬೇಕು ಗೊತ್ತಾ? ಲೆಕ್ಕ ಹಾಕಿದರೆ ಸುಮಾರು 10 ಎಂಎಲ್. ಚಹಾದ ಚಮಚದಲ್ಲಿ ಎರಡು ಚಮಚ. ನಮ್ಮ ಲೋಟದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತು.

ಬೂಚು ತೆಗೆದಿಟ್ಟರೆ ಆವಿ ಹಾರಿಹೋಗುತ್ತದೆ ಅನ್ನೋದು ಇನ್ನೊಂದು ನಂಬಿಕೆ. ಟಾಲ್ವೀನಿನ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಮೇಲಿನ ಸಣ್ಣ ತೂತಿನಿಂದ ಅದು ಯಾಕೆ ಎದ್ದು ಹೋಗುತ್ತದೆ? ತಳದಲ್ಲೇ ಮಲಗಿರುತ್ತದೆ. ಬ್ಯಾರಲ್ ಅಡ್ಡ ಕೆಡವಿದಿರೋ, ಹೊರಗೆ ಹರಿದು ನೆಲ ಹಿಡಿದು ವೆಲ್ಡಿಂಗ್ ಮಾಡುವವನ ಕಾಲ ಹತ್ತಿರ ಬರುತ್ತದೆ.

"ತೊಳದೇವ್ರೀ" ಅನ್ನುವವರೂ ಇದ್ದಾರೆ. ಯಾವುದರಿಂದ? ನೀರಿನಿಂದ. ಟಾಲ್ವೀನ್ ನೀರಿನಲ್ಲಿ ಕರಗೋದಿಲ್ಲ ಅಂದಮೇಲೆ ತೊಳೆದದ್ದು ಏನನ್ನು? ಆ ನೀರೂ ಗಟಾರಕ್ಕೆ ಹೋಗಿರುತ್ತದೆ, ಅದು ಬೇರೆಯದೇ ತಪ್ಪು.

ಇದು ನನ್ನಂಥ ಸಲಹೆಗಾರರು ಫೀಸಿಗಾಗಿ ಹುಟ್ಟಿಸಿದ ಭಯ ಅಂತ ಅಂದುಕೊಳ್ಳಬೇಡಿ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಮ್ಮಿನಲ್ಲೇ ಇತ್ತು: ಬೆಂಕಿ ಹತ್ತುವ ಸರಕು ಇರುವ ಅಥವಾ ಹಿಂದೆ ಇದ್ದ ಪಾತ್ರೆಗೆ, ಆ ಸರಕನ್ನೂ ಆವಿಯನ್ನೂ ತೆಗೆಯದೆ ವೆಲ್ಡಿಂಗ್, ಕಟಿಂಗ್ ಮಾಡಬಾರದು. "ಹಿಂದೆ ಇದ್ದ" ಅನ್ನುವ ಎರಡು ಪದ ನೋಡಿ. ಕಾಯ್ದೆ ಬರೆದವರಿಗೆ ನಮ್ಮ ಜನರ ಪರಿಚಯ ಚೆನ್ನಾಗಿಯೇ ಇತ್ತು ಅನಿಸುತ್ತದೆ. ಪೆಟ್ರೋಲಿಯಂ ನಿಯಮಗಳೂ ಇಂಥ ಖಾಲಿ ಪಾತ್ರೆಗಳ ಬಾಯಿ ಬಿಗಿಯಾಗಿ ಮುಚ್ಚಿರಬೇಕು ಅನ್ನುತ್ತವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ರಾಸಾಯನಿಕ ಅಂಟಿದ ಖಾಲಿ ಬ್ಯಾರಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲೇ ಇದೆ. ಅಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಲೇಬಲ್ ಬೇಕು, ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಕೊಡುವುದಿದ್ದರೆ ಮಂಡಳಿ ಒಪ್ಪಿದವರಿಗೆ, ಮ್ಯಾನಿಫೆಸ್ಟ್ ಅನ್ನುವ ಸಾಗಣೆ ಚೀಟಿ ಹರಿದು ಕೊಡಬೇಕು. ಸಂಜೆ ಟಂಟಂ ತಗೊಂಡು ಬರುವ ಮೋಡ್ಕಾದವನಿಗೆ, ಅಂದರೆ ಗುಜರಿಯವನಿಗೆ, ಅಲ್ಲ. ಅವನು ಅದನ್ನು ಯಾವುದೋ ಹಳ್ಳಿಯಲ್ಲಿ ನೀರು ತುಂಬಿಡಲು ಮಾರುತ್ತಾನೆ. ಆ ಮನೆಯವರು ಏನು ಪಾಪ ಮಾಡಿದ್ದರು?

ತುಂಬಿದ ಬ್ಯಾರಲ್ಲಿನ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು, ಬೇಗ ಮುಗಿಸುತ್ತೇನೆ. 23 ಡಿಗ್ರಿಗಿಂತ ಕೆಳಗೇ ಹತ್ತಿಕೊಳ್ಳುವ ಆವಿ ಬಿಡುವ ಪೆಟ್ರೋಲಿಯಂ ಸರಕು ಎ ವರ್ಗ. ಟಾಲ್ವೀನ್ 4 ಡಿಗ್ರಿಗೇ ಬಿಡುತ್ತದೆ. ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದದ್ದು ಒಟ್ಟು 30 ಲೀಟರ್, ಅದೂ 25 ಲೀಟರಿಗಿಂತ ದೊಡ್ಡದಲ್ಲದ ಲೋಹದ ಡಬ್ಬಿಯಲ್ಲಿ. ಒಂದು ಬ್ಯಾರಲ್ ಬಂದು ಇಳಿದರೆ ಮಿತಿ ದಾಟಿತು. ಆದರೆ ಥಿನ್ನರ್ ಅಂದರೆ ಒಂದೇ ಸರಕಲ್ಲ, ಒಬ್ಬೊಬ್ಬರದು ಒಂದೊಂದು ಮಿಶ್ರಣ. ನಿಮ್ಮ ಸರಕಿನ ಸುರಕ್ಷತಾ ಹಾಳೆ ನೋಡದೆ ನಾನು ಖಡಾಖಂಡಿತವಾಗಿ ಹೇಳಲಾರೆ. ಸಪ್ಲೈಯರ್ ಹತ್ತಿರ ಕೇಳಿ ತಗೊಳ್ಳಿ.

ನನ್ನದೂ ಒಂದು ತಪ್ಪಿದೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಂದು ವರ್ಕ್‌ಶಾಪಿನ ಪಟ್ಟಿ ಮಾಡುವಾಗ ತುಂಬಿದ ಬ್ಯಾರಲ್ ಅಷ್ಟೇ ಎಣಿಸಿದ್ದೆ. ಎರಡು ವಾರದ ನಂತರ ಅಲ್ಲಿಯ ಹುಡುಗ ಚಳಿ ಕಾಯಿಸಲು ಒಲೆ ಮಾಡೋಣ ಅಂತ ಖಾಲಿ ಬ್ಯಾರಲ್ಲಿಗೆ ಗ್ಯಾಸ್ ಕಟರ್ ಹಿಡಿದ. ಬ್ಯಾರಲ್ಲಿನ ಮುಚ್ಚಳ ಹಾರಿ ಪಕ್ಕದ ಶೆಡ್ಡಿನ ಪತ್ರಾಸಿನ ಮೇಲೆ ಬಿತ್ತು. ಹುಡುಗ ಅಡ್ಡಕ್ಕೆ ಕೂತಿದ್ದ, ಹುಬ್ಬು ಸುಟ್ಟಿತು, ಒಂದು ಕಿವಿ ಮಂದವಾಯಿತು. ನೋಡಲು ಹೋದಾಗ "ಖಾಲಿ ಇತ್ತರೀ ಸರ್" ಅಂತ ನನಗೇ ಸಮಾಧಾನ ಹೇಳಿದ. ಅಂದಿನಿಂದ ನನ್ನ ಪಟ್ಟಿಯಲ್ಲಿ ಖಾಲಿಗೊಂದು ಕಾಲಮ್ ಇದೆ.

ನೀರು ತುಂಬಿ ಕಟ್ ಮಾಡಬಹುದಾ, ಹಬೆ ಹಾಯಿಸಬಹುದಾ ಅಂತ ಕೇಳುತ್ತಾರೆ. ಸಾಧನ ಇಟ್ಟುಕೊಂಡು, ಆವಿ ಅಳೆದು ಮಾಡುವವರು ಇದ್ದಾರೆ, ಅದು ಅವರ ಕೆಲಸ. ನಿಮ್ಮ ಶೆಡ್ಡಿನಲ್ಲಿ ಬೇಡ. ನೀವು ಮಾಡಬೇಕಾದ್ದು ಇಷ್ಟೇ: ಖಾಲಿಯಾದ ಕೂಡಲೇ ಎರಡೂ ಬೂಚು ಬಿಗಿ ಮಾಡಿ, ದೊಡ್ಡದೂ ಸಣ್ಣದೂ. ನೆರಳಿನಲ್ಲಿ, ವೆಲ್ಡಿಂಗ್ ನಡೆಯುವ ಕಡೆಯಿಂದ ದೂರ, ತುಂಬಿದ್ದಕ್ಕೆ ಕೊಡುವ ಮರ್ಯಾದೆಯನ್ನೇ ಕೊಟ್ಟು ನಿಲ್ಲಿಸಿ.

ಆ ಪೇಂಟಿಂಗ್ ಶೆಡ್ಡಿನ ಮಾಲೀಕರು ಪೂಜೆಯ ಹಿಂದಿನ ಸಂಜೆ ಫೋನ್ ಮಾಡಿದ್ದರು. "ಬೂಚು ಹದಿಮೂರಕ್ಕ ಹಾಕಿಸೇನ್ರೀ ಸಾಹೇಬ್ರ. ಒಂದರ ಸಣ್ಣ ಬೂಚಿಂದು ವಾಯ್ಸರ್ ಸಿಗವಲ್ದು. ಎಲ್ಲಿ ಸಿಗತೈತ್ರೀ?"