ಬೆಟ್ಟ ಕಾಣುವ ಸೈಟು: ನೋಟದ ಲೆಕ್ಕ ಬಂದ ಹಾದಿ

ಚಿಕ್ಕಬಳ್ಳಾಪುರದಲ್ಲಿ ಸೈಟು ಕೊಳ್ಳುವಾಗ ಕಂಡ ನಂದಿಬೆಟ್ಟ, ಸುತ್ತ ಮನೆಗಳು ಎದ್ದ ಮೇಲೆ ಕಾಣದಾಗುತ್ತದೆ. ಬಡಾವಣೆಯ ನಕ್ಷೆಯಲ್ಲಿ ರಸ್ತೆ, ಪಾರ್ಕು, ಸೆಟ್‌ಬ್ಯಾಕು (ಕಟ್ಟಡದ ಸುತ್ತ ಬಿಡುವ ಜಾಗ) ಎಲ್ಲ ಸರಿಯಾಗಿಯೇ ಇರುತ್ತವೆ. ಎತ್ತರ ಮಾತ್ರ ಅದರಲ್ಲಿ ಇರುವುದಿಲ್ಲ.

ಎಲ್ಲಿಂದ ಏನು ಕಾಣುತ್ತದೆ ಎಂಬ ಲೆಕ್ಕವನ್ನು ಇಲ್ಲಿ ದುರ್ಗ ಕಟ್ಟಿದವರೂ ಮಾಡಿದ್ದರು, ಬೆಟ್ಟದಿಂದ ಬೆಟ್ಟಕ್ಕೆ ದುರ್ಬೀನು ಹಿಡಿದ ಸರ್ವೆಯವರೂ ಮಾಡಿದ್ದರು. ನಗರ ಯೋಜನೆಗೆ ಅದು ಬಂದದ್ದು ಹೊರಗಿನಿಂದ. 1937ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ನೋಟ ಉಳಿಸಲು ಸುತ್ತಲಿನ ಕಟ್ಟಡಗಳಿಗೆ ಎತ್ತರದ ಮಿತಿ ಹಾಕಿದರು. 1979ರಲ್ಲಿ ವಾಸ್ತುಶಿಲ್ಪ ವಿದ್ವಾಂಸ ಮೈಕೆಲ್ ಬೆನೆಡಿಕ್ಟ್, ನಿಂತ ಜಾಗದಿಂದ ಕಣ್ಣಿಗೆ ಬೀಳುವ ಪ್ರದೇಶಕ್ಕೆ, ಅಂದರೆ 'ಐಸೊವಿಸ್ಟ್'ಗೆ, ಅಳತೆಯ ವಿಧಾನ ಕೊಟ್ಟರು.

ತೊಡಕು ಶುರುವಾದದ್ದು ಎತ್ತರದ ದತ್ತಾಂಶ ಕೈಗೆ ಸುಲಭವಾಗಿ ಸಿಕ್ಕ ಮೇಲೆ. 2000ದಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರೇಡಾರಿನಿಂದ ನೆಲದ ಎತ್ತರವನ್ನು ಅಳೆಯಿತು. 2005ರಲ್ಲಿ, ಎತ್ತರ ಲೆಕ್ಕ ಹಾಕಲು ಬರುವಂಥ ಚಿತ್ರ ತೆಗೆಯುವ ಇಸ್ರೋದ ಉಪಗ್ರಹ ಕಾರ್ಟೊಸ್ಯಾಟ್-1 ಹಾರಿತು. ಉಚಿತವಾಗಿ ಸಿಗುವುದು ಹೆಚ್ಚಾಗಿ 30 ಮೀಟರಿನ ಚೌಕಗಳ ದತ್ತಾಂಶ. ಅಂಥ ಒಂದು ಚೌಕದಲ್ಲಿ 30×40 ಅಡಿಯ ಎಂಟು ಸೈಟುಗಳು ಅಡಗಿಬಿಡುತ್ತವೆ. ರೇಡಾರಿಗೆ ನೀಲಗಿರಿ ತೋಪೂ ದಿಣ್ಣೆಯಂತೆಯೇ ಕಾಣುತ್ತದೆ. ತೋಪು ಕಡಿದ ಮೇಲೂ ದತ್ತಾಂಶದಲ್ಲಿ ಆ ದಿಣ್ಣೆ ಹಾಗೇ ಉಳಿದಿರುತ್ತದೆ. ಬೆಟ್ಟದ ಮಟ್ಟಿಗೆ ಈ ದತ್ತಾಂಶ ಸಾಕು, ಬೀದಿಗೆ ಸಾಲದು. ಬೀದಿಗೆ ಡ್ರೋನ್ ಸರ್ವೆಯೇ ಬೇಕು: ಚಿತ್ರಗಳು ಒಂದರ ಮೇಲೊಂದು ಶೇ 70-80ರಷ್ಟು ಕೂಡಿರಬೇಕು, ನೆಲದಲ್ಲಿ ಅಳೆದ ಗುರುತುಗಳಿರಬೇಕು.

ಲೆಕ್ಕ ಹೀಗಿದೆ. ಊರು ಸುಮಾರು 915 ಮೀಟರ್ ಎತ್ತರದಲ್ಲಿದೆ, ನಂದಿಯ ತುದಿ 1,478 ಮೀಟರ್, ನಡುವಿನ ನೇರ ದೂರ ಎಂಟೂವರೆ ಕಿಲೋಮೀಟರ್ ಆಸುಪಾಸು. ಭೂಮಿಯ ಬಾಗಿಗೆ ಐದು ಮೀಟರ್ ಕಳೆದರೆ ತುದಿ ಕಾಣುವ ಕೋನ ನಾಲ್ಕು ಡಿಗ್ರಿಗೂ ಕಡಿಮೆ. ಅಂದರೆ ನೆಲ ಸಮತಟ್ಟಾಗಿದ್ದರೆ, ನೋಡುವವರ ಕಣ್ಣಿನ ಎತ್ತರವನ್ನೂ ಸೇರಿಸಿ, 100 ಮೀಟರ್ ಆಚೆಯ ಮನೆ ಎಂಟು ಮೀಟರ್ ದಾಟಿತೆಂದರೆ ತುದಿ ಮರೆ. ಏಳು ಮೀಟರಿನ ಎರಡಂತಸ್ತಿನ ಮನೆ ಅಷ್ಟರಲ್ಲಿ ಪಾರಾಗುತ್ತದೆ. ಅದರ ಮೇಲಿನ ಮೆಟ್ಟಿಲ ಕೋಣೆ, ನೀರಿನ ಟ್ಯಾಂಕು ಪಾರಾಗುವುದಿಲ್ಲ. ಕಟ್ಟಡದ ಎತ್ತರ ಹೇಳುವಾಗ ಇವೆರಡನ್ನೂ ಸಾಮಾನ್ಯವಾಗಿ ಬಿಟ್ಟೇ ಲೆಕ್ಕ ಹಾಕುತ್ತಾರೆ. ನೋಟ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯಲ್ಲೂ ಇವನ್ನು ಬಿಟ್ಟರೆ ಫಲಿತಾಂಶ ಸುಳ್ಳಾಗುತ್ತದೆ. ಟ್ಯಾಂಕಿಗೆ ವಾಸ್ತು ಹೇಳುವ ಮೂಲೆ ನೈಋತ್ಯ, ಊರಿನಿಂದ ನಂದಿ ಇರುವ ದಿಕ್ಕೂ ಅದೇ. ಹೀಗಾಗಿ ಸ್ವಂತ ತಾರಸಿಯಿಂದಲೂ ಬೆಟ್ಟಕ್ಕೆ ಟ್ಯಾಂಕು ಅಡ್ಡ ಬರುತ್ತದೆ.

ಎದುರುಮನೆ 20 ಮೀಟರ್ ದೂರದಲ್ಲಿದ್ದರಂತೂ ಬೆಟ್ಟ ಮರೆಯಾಗಲು ಒಂದಂತಸ್ತೇ ಸಾಕು. ಆದ್ದರಿಂದ ನೋಟ ಉಳಿಯುವುದು ನೈಋತ್ಯಕ್ಕೆ ಚಾಚಿದ ರಸ್ತೆ, ಪಾರ್ಕುಗಳ ಉದ್ದಕ್ಕೆ ಮಾತ್ರ. ಬಡಾವಣೆಯಲ್ಲಿ ಐದೈದು ಮೀಟರಿಗೊಂದು ನೋಡುವ ಬಿಂದು ಇಟ್ಟು, ಕಣ್ಣಿನ ಮಟ್ಟ 1.6 ಮೀಟರ್ ಎಂದು ಹಿಡಿದು, ಎಲ್ಲ ಸೈಟಿನಲ್ಲೂ ಪೂರ್ತಿ ಎತ್ತರದ ಮನೆ ಎದ್ದಿದೆ ಎಂದುಕೊಂಡೇ ಲೆಕ್ಕ ಹಾಕಬೇಕು. ಇದು ಸೈಟಿಗೆ ಕಲ್ಲು ನೆಡುವ ಮೊದಲೇ ಆಗಬೇಕಾದ ಕೆಲಸ. ಈಗ ಆಗುತ್ತಿರುವುದು ಮನೆಗಳೆದ್ದ ಮೇಲೆ.