5ರ ಬಳಿಯೂ ಒಂದು ನಮಸ್ಕಾರ

ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರಯೋಗ. ಖಾಲಿ ಕಡತವೊಂದರಲ್ಲಿ, ಯಾವ ಕ್ಲಾಸಿನೊಳಗೂ (ಒಂದೇ ಬಗೆಯ ವಸ್ತುಗಳ ಅಚ್ಚು) ಸೇರಿಸದೆ, 'ನಮಸ್ಕಾರ' ಎಂಬ ಮೆಥಡ್ (ಹೆಸರು ಹಿಡಿದು ಕರೆಯಬಹುದಾದ ಆದೇಶಗಳ ಕಟ್ಟು) ಬರೆದು ಉಳಿಸಿ. ಹೆಸರು ಕನ್ನಡದಲ್ಲೇ ಇರಲಿ. 2013ರ ರೂಬಿ 2.0ರಿಂದ ಕಡತ ಎಲ್ಲ ಲಿಪಿಗಳಿಗೂ ಒಗ್ಗುವ ಯುಟಿಎಫ್-8 ಸಂಕೇತದಲ್ಲಿದೆ ಎಂದೇ ಓದುವುದರಿಂದ ತಕರಾರಿಲ್ಲ. ಬರಿದೆ 'ನಮಸ್ಕಾರ' ಎಂದು ಕರೆದರೆ ಓಡುತ್ತದೆ. ಈಗ '5.ನಮಸ್ಕಾರ' ಎಂದು ಕರೆಯಿರಿ. ದೋಷ ಬರುತ್ತದೆ, ನಿಜ. ಆದರೆ 'ಇಂಥ ಮೆಥಡ್ಡೇ ಇಲ್ಲ' ಎಂದು ರೂಬಿ ದೂರುವುದಿಲ್ಲ. 'ಅದು ಪ್ರೈವೇಟ್' ಎನ್ನುತ್ತದೆ. ಹಾಗಾದರೆ 5ರ ಬಳಿ ನಮಸ್ಕಾರ ಇದೆ ಎಂದಾಯಿತು. ಅದನ್ನು ಕೊಟ್ಟವರು ಯಾರು?

ಯುಕಿಹಿರೊ ಮಾತ್ಸುಮೊಟೊ 1995ರಲ್ಲಿ ಲೋಕದ ಮುಂದಿಟ್ಟ ಈ ಭಾಷೆಯಲ್ಲಿ ವಾರಸುದಾರರಿಲ್ಲದ ಮೆಥಡ್ ಇರಲಾರದು. ಕ್ಲಾಸಿನ ಗೋಡೆಗಳಾಚೆಯ ಬಯಲಿನಲ್ಲೂ 'ಮೇನ್' ಎಂಬ ಆಬ್ಜೆಕ್ಟ್ (ಕ್ಲಾಸಿನ ಅಚ್ಚಿನಿಂದ ಬಂದ ವಸ್ತು) ಕಾವಲು ಕೂತಿರುತ್ತದೆ. ನಮಸ್ಕಾರ ಅದರ ಸ್ವಂತ ಆಸ್ತಿ ಎಂದುಕೊಳ್ಳುವವರು ಬಹಳ. ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಅಲ್ಲ. ಮೇನ್ ಯಾವ ಕ್ಲಾಸಿಗೆ ಸೇರಿದೆಯೋ ಆ 'ಆಬ್ಜೆಕ್ಟ್' ಕ್ಲಾಸಿನ ಖಾತೆಗೆ ಮೆಥಡ್ ಜಮೆಯಾಗುತ್ತದೆ. ಅಂಕಿ, ಅಕ್ಷರಗಳ ಸರಣಿ, ಏನೂ ಇಲ್ಲವೆಂದು ಸೂಚಿಸುವ 'ನಿಲ್' ಕೂಡ ಆ ಕ್ಲಾಸಿನ ವಂಶದವೇ. ಪಿತ್ರಾರ್ಜಿತ ಎಲ್ಲರಿಗೂ ಸಿಗುತ್ತದೆ. ಆಬ್ಜೆಕ್ಟ್ ಕ್ಲಾಸಿಗೂ ಮೇಲಿರುವ ಮೂಲ ಕ್ಲಾಸು ಬೇಸಿಕ್‌ಆಬ್ಜೆಕ್ಟ್‌ನಿಂದ ನೇರವಾಗಿ ಕವಲೊಡೆದ ಕೆಲವು ಮಾತ್ರ ಇದರಿಂದ ಹೊರಗೆ.

ಪ್ರೈವೇಟ್ ಎಂಬ ಬೀಗ ಇರುವುದರಿಂದಲೇ ಈ ಏರ್ಪಾಡು ಸಹನೀಯ. ಪ್ರತಿ ಆಬ್ಜೆಕ್ಟ್ ತನ್ನೊಳಗೆ, ಚುಕ್ಕಿ ಹಾಕದೆ, ಅದನ್ನು ಬಳಸಬಹುದು. ಹೊರಗಿನವರು ಹೆಸರು ಹಿಡಿದು ಕೂಗುವಂತಿಲ್ಲ. ಪರದೆಯ ಮೇಲೆ ಬರೆಯಲು ದಿನನಿತ್ಯ ಬಳಸುವ 'ಪುಟ್ಸ್' ಕೂಡ ಇದೇ ಜಾತಿಯದು: 'ಕರ್ನೆಲ್' ಎಂಬ ಮಾಡ್ಯೂಲಿನಲ್ಲಿ (ಮೆಥಡ್ಡುಗಳ ಗಂಟು) ಕೂತ ಪ್ರೈವೇಟ್ ಮೆಥಡ್.

ಆದರೆ ಬೀಗಕ್ಕೂ ಮಿತಿಯಿದೆ. ವಂಶಾವಳಿಯಲ್ಲಿ ಹುಡುಕುವಾಗ ರೂಬಿ ಕರ್ನೆಲ್‌ಗಿಂತ ಮೊದಲು ಆಬ್ಜೆಕ್ಟ್ ಕ್ಲಾಸಿನ ಬಾಗಿಲು ತಟ್ಟುತ್ತದೆ. ನೀವು ಬಯಲಿನಲ್ಲಿ ನಿಮ್ಮದೇ 'ಪುಟ್ಸ್' ಬರೆದಿರೆನ್ನಿ. ಅಲ್ಲಿಂದಾಚೆಗೆ ನೀವು ಎಂದೂ ತೆರೆದು ನೋಡದ, ಬೇರೆಯವರು ಬರೆದ ಲೈಬ್ರರಿಗಳೊಳಗಿನ ಚುಕ್ಕಿಯಿಲ್ಲದ ಪುಟ್ಸ್ ಕರೆಗಳೂ ನಿಮ್ಮ ಮನೆಗೇ ಬರುತ್ತವೆ. ತನ್ನದೇ ಪುಟ್ಸ್ ಇಟ್ಟುಕೊಂಡ ಕ್ಲಾಸುಗಳಷ್ಟೇ ಪಾರು. ಹತ್ತು ಸಾಲಿನ ಸ್ಕ್ರಿಪ್ಟಿಗೆ ಇದು ಚಿಂತೆಯಲ್ಲ. ಹಲವರು ಸೇರಿ ಬರೆಯುವ ಪ್ರೋಗ್ರಾಮಿನಲ್ಲಿ ಮಾತ್ರ ನಾನು ಇಂಥ ಮೆಥಡ್‌ಗಳನ್ನು ಮಾಡ್ಯೂಲಿನೊಳಗೆ ಕೂಡಿಹಾಕುತ್ತೇನೆ.

ಬೀಗ ತೆಗೆಯುವುದೂ ಸುಲಭ. ಮೆಥಡ್‌ಗೆ ಮೊದಲು 'ಪಬ್ಲಿಕ್' ಎಂಬ ಒಂದು ಪದ ಬರೆಯಿರಿ, '5.ನಮಸ್ಕಾರ' ಸರಾಗವಾಗಿ ಓಡುತ್ತದೆ. 'ನಿಲ್.ನಮಸ್ಕಾರ' ಕೂಡ ಓಡುತ್ತದೆ. ಬರಬೇಕಿದ್ದ ವ್ಯಕ್ತಿಯ ಬದಲು ನಿಲ್ ಬಂದು ನಿಂತಿದೆ ಎಂದು ಎಚ್ಚರಿಸಬೇಕಾಗಿದ್ದ ದೋಷ ಆಗ ತುಟಿ ಬಿಚ್ಚುವುದಿಲ್ಲ.