ಒಂದೇ ಫೋಟೊ, ನಾಲ್ಕು ಫೈಲು

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರಿನ ದಿನ ಎರಡು ಕ್ಯಾಮೆರಾ ಹಿಡಿದು ಹೊರಟವರು ಸಂಜೆಯೊಳಗೆ ಎರಡು ಸಾವಿರ ಫೋಟೊ ತೆಗೆಯುವುದು ದೊಡ್ಡ ಮಾತಲ್ಲ. ರಾತ್ರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಇಳಿಸುತ್ತಾರೆ. ಕಾರ್ಡಿನಲ್ಲಿ ಜಾಗ ಇದೆಯಲ್ಲ ಎಂದು ಖಾಲಿ ಮಾಡುವುದಿಲ್ಲ. ಮರುದಿನ ಮತ್ತೆ ಮುನ್ನೂರು ತೆಗೆದು, ಕಾರ್ಡನ್ನು ಪೂರ್ತಿಯಾಗಿ ಇನ್ನೊಂದು ಫೋಲ್ಡರಿಗೆ ಸುರಿಯುತ್ತಾರೆ. ಫೋಟೊಗೆ 10 ಎಂಬಿ ಹಿಡಿದರೂ ಮೊದಲ ದಿನ 20 ಜಿಬಿ, ಎರಡನೇ ದಿನ 23 ಜಿಬಿ. ಡಿಸ್ಕ್ ನುಂಗಿದ್ದು 43, ನಿಜವಾದ ಸರಕು 23. ಇದೇ ರೀತಿ ನಾಲ್ಕು ಮದುವೆ ಸೀಸನ್ ಕಳೆದರೆ ಯಾವುದು ಮೂಲ, ಯಾವುದು ನಕಲು ಎಂದು ಹೇಳುವುದು ಮಾಲೀಕರಿಗೇ ಕಷ್ಟ.

ಜಾಗ ಹೋದರೆ ಹೊಸ ಡಿಸ್ಕ್ ತರಬಹುದು. ಹೆಚ್ಚಿನ ನಷ್ಟ ಆಗುವುದು ನಕಲು ತೆಗೆಯಲು ಹೋದಾಗ. ಅದಕ್ಕೆ ಮುಖ್ಯ ಕಾರಣ, ನಾವು ಫೋಟೊವನ್ನು ಫೈಲಿನ ಹೆಸರಿನಿಂದ ಗುರುತಿಸುವುದು.

ಕ್ಯಾಮೆರಾ ಕೊಡುವ ಹೆಸರು ಬಲು ಬಡವಾದದ್ದು. ಡಿಸಿಎಫ್ ಎಂಬ ನಿಯಮದ ಪ್ರಕಾರ ಹೆಸರಿಗೆ ಇರುವುದು ಎಂಟೇ ಸ್ಥಾನ: ಮೊದಲ ನಾಲ್ಕು ಅಕ್ಷರ, ಉಳಿದ ನಾಲ್ಕು ಅಂಕಿ. ಐಎಂಜಿ_0001ರಿಂದ ಹೊರಟು 9999 ಮುಟ್ಟಿದ ಮೇಲೆ ಕ್ಯಾಮೆರಾ ಹೊಸ ಫೋಲ್ಡರ್ ತೆರೆದು ಮತ್ತೆ 0001ಕ್ಕೆ ಬರುತ್ತದೆ. ಮದುವೆಗೆ ಮೂರು ಸಾವಿರ ಫೋಟೊ ತೆಗೆಯುವ ಸ್ಟುಡಿಯೊದಲ್ಲಿ ನಾಲ್ಕನೇ ಮದುವೆಗೇ ಹೆಸರು ಮರುಕಳಿಸುತ್ತದೆ. ಒಂದೇ ಕಂಪನಿಯ ಎರಡು ಕ್ಯಾಮೆರಾ ಇದ್ದರಂತೂ ಒಂದೇ ಮದುವೆಯಲ್ಲೇ ಡಿಕ್ಕಿ. ಹೀಗಾಗಿ ಹೆಸರು ಒಂದೇ ಇದ್ದು ಫೋಟೊ ಬೇರೆ ಇರಬಹುದು, ಹೆಸರು ಬೇರೆ ಇದ್ದು ಫೋಟೊ ಒಂದೇ ಇರಬಹುದು. ಎರಡೂ ದಿನನಿತ್ಯದ ಸಂಗತಿ.

ಈಗ ವಿಂಡೋಸ್ ಕೇಳುವ ಪ್ರಶ್ನೆಯನ್ನು ನೋಡಿ. ಒಂದೇ ಹೆಸರಿನ ಫೈಲ್ ಎದುರಾದಾಗ ಅದು ರಿಪ್ಲೇಸ್ ಮಾಡಲೇ, ಸ್ಕಿಪ್ ಮಾಡಲೇ ಎಂದು ಕೇಳುತ್ತದೆ. ರಿಪ್ಲೇಸ್ ಒತ್ತಿದರೆ ಸಿಂಧನೂರಿನ ಹಳೆಯ ಮದುವೆಯ ಮೇಲೆ ಸಿರುಗುಪ್ಪದ ಹೊಸ ಮದುವೆ ಕೂತುಬಿಡುತ್ತದೆ. ಸ್ಕಿಪ್ ಸುರಕ್ಷಿತ ಎಂದು ಬಹಳ ಜನ ನಂಬಿದ್ದಾರೆ, ಅದು ಇನ್ನೂ ಮೋಸ. ಹೆಸರು ಹೊಂದಿತೆಂದು ಹೊಸ ಫೋಟೊವನ್ನು ಕಂಪ್ಯೂಟರ್ ಬಿಟ್ಟುಬಿಡುತ್ತದೆ. ಎಲ್ಲ ಇಳಿಯಿತು ಎಂದುಕೊಂಡು ನಾವು ಕಾರ್ಡ್ ಫಾರ್ಮ್ಯಾಟ್ ಮಾಡುತ್ತೇವೆ. ಎರಡನ್ನೂ ಇಟ್ಟುಕೊಳ್ಳುವ ಮೂರನೇ ದಾರಿಯೂ ಅಲ್ಲೇ ಇದೆ: ಪ್ರತಿ ಫೈಲಿಗೂ ನಾನೇ ತೀರ್ಮಾನಿಸುತ್ತೇನೆ ಎಂಬ ಆಯ್ಕೆಗೆ ಹೋಗಿ ಎರಡೂ ಬದಿಯಲ್ಲಿ ಟಿಕ್ ಹಾಕಿದರೆ ಹೊಸದಕ್ಕೆ (2) ಎಂಬ ಬಾಲ ಅಂಟಿಕೊಂಡು ಉಳಿಯುತ್ತದೆ. ನೋಡಲು ಅಸಹ್ಯವಾದರೂ ಏನೂ ಕಳೆಯುವುದಿಲ್ಲ.

ಹೆಸರು ಬೇಡವಾದರೆ ಯಂತ್ರ ಯಾವುದನ್ನು ನಂಬಬೇಕು? ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಎರಡು ಚೀಲ ಭತ್ತ ಇವೆ ಎನ್ನಿ. ಒಂದು 75 ಕೆಜಿ, ಇನ್ನೊಂದು 74 ತೂಗಿದರೆ ಅವೆರಡೂ ಒಂದೇ ಅಲ್ಲ, ಬಿಚ್ಚಿ ನೋಡುವ ಅಗತ್ಯವೇ ಇಲ್ಲ. ಎರಡೂ 75 ತೂಗಿದರೆ ಮಾತ್ರ ಬಿಚ್ಚಬೇಕು, ಏಕೆಂದರೆ ಒಂದರಲ್ಲಿ ಸೋನಾ ಮಸೂರಿ, ಇನ್ನೊಂದರಲ್ಲಿ ಬೇರೆ ತಳಿ ಇರಬಹುದು. ನಕಲು ಹುಡುಕುವ ತಂತ್ರಾಂಶ ಮಾಡುವುದೂ ಇದನ್ನೇ. ಮೊದಲು ಫೈಲುಗಳ ಗಾತ್ರವನ್ನು ಬೈಟ್ ಲೆಕ್ಕದಲ್ಲಿ ಹೋಲಿಸುತ್ತದೆ. ಬಹುಪಾಲು ಫೈಲುಗಳು ಅಲ್ಲಿಯೇ ಬೇರ್ಪಡುತ್ತವೆ. ಗಾತ್ರ ಒಂದೇ ಇರುವವನ್ನು ಮಾತ್ರ ಪೂರ್ತಿ ಓದಿ ಹ್ಯಾಶ್ ತೆಗೆಯುತ್ತದೆ. ಅದಕ್ಕೇ ಲಕ್ಷ ಫೋಟೊ ಇದ್ದರೂ ಕೆಲಸ ಒಂದು ರಾತ್ರಿಯೊಳಗೆ ಮುಗಿಯುತ್ತದೆ.

ಹ್ಯಾಶ್ ಎಂದರೆ ಫೈಲಿನ ಪ್ರತಿಯೊಂದು ಬೈಟನ್ನೂ ಅರೆದು ತೆಗೆದ ಒಂದು ನಿಶ್ಚಿತ ಉದ್ದದ ಸಂಖ್ಯೆ. ಶಾ-256 ಎಂಬ ವಿಧಾನದಲ್ಲಿ ಫೈಲ್ ಎಷ್ಟೇ ದೊಡ್ಡದಿರಲಿ, ಹೊರಬರುವುದು 256 ಬಿಟ್, ಬರೆದರೆ 64 ಅಕ್ಷರ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ 64 ಅಕ್ಷರಗಳು ಗುರುತು ಸಿಗದಂತೆ ಬದಲಾಗುತ್ತವೆ. ಬೇರೆ ಬೇರೆ ಎರಡು ಫೋಟೊಗೆ ಅಕಸ್ಮಾತ್ ಒಂದೇ ಹ್ಯಾಶ್ ಬಂದರೆ? ಲಕ್ಷ ಫೋಟೊಗಳಲ್ಲಿ ಸುಮಾರು 500 ಕೋಟಿ ಜೋಡಿ ಆಗುತ್ತವೆ. ಹ್ಯಾಶಿಗೆ ಸಾಧ್ಯವಿರುವ ಬೆಲೆಗಳ ಎಣಿಕೆ ಬರೆದರೆ 78 ಅಂಕಿ ಉದ್ದ. ಆ ಚಿಂತೆ ಬಿಡಬಹುದು. ಪರೀಕ್ಷಿಸಿ ನೋಡುವ ಆಸೆ ಇದ್ದರೆ ವಿಂಡೋಸಿನ ಪವರ್‌ಶೆಲ್‌ನಲ್ಲಿ ಗೆಟ್-ಫೈಲ್‌ಹ್ಯಾಶ್ ಎಂಬ ಆಜ್ಞೆ ಮೊದಲೇ ಇದೆ, ಹೊಸದಾಗಿ ಏನೂ ಹಾಕಿಕೊಳ್ಳಬೇಕಿಲ್ಲ.

ಗಾತ್ರ ಮತ್ತು ತಾರೀಖು ನೋಡಿದರೆ ಸಾಲದೇ ಎಂದು ಕೇಳುವವರು ಇದ್ದಾರೆ. ಸಾಲದು, ಎರಡು ಕಾರಣಕ್ಕೆ. ಕಾಪಿ ಆಗುವಾಗ ವಿಂಡೋಸ್ ಫೈಲಿನ ಪೂರ್ತಿ ಗಾತ್ರಕ್ಕೆ ಜಾಗವನ್ನು ಮೊದಲೇ ಕಾದಿರಿಸಬಹುದು. ಬೇಸಿಗೆಯ ಮಧ್ಯಾಹ್ನ ನಡುವೆ ಕರೆಂಟ್ ಹೋಯಿತೆನ್ನಿ, ಗಾತ್ರ ಸರಿಯಾಗಿಯೇ ತೋರಿಸುವ ಫೈಲಿನ ಅರ್ಧ ಭಾಗ ಸೊನ್ನೆಗಳಿಂದ ತುಂಬಿರಬಹುದು: ಮೇಲ್ಭಾಗದಲ್ಲಿ ಮದುಮಗಳ ಮುಖ, ಕೆಳಗೆ ಬೂದು ಪಟ್ಟಿ. ಇನ್ನು ತಾರೀಖಿನ ಗೊಂದಲ. 32 ಜಿಬಿವರೆಗಿನ ಎಸ್‌ಡಿ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇರುವ, ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ವ್ಯವಸ್ಥೆ ಫೈಲ್ ಬದಲಾದ ಸಮಯವನ್ನು ಎರಡು ಸೆಕೆಂಡಿನ ಅಳತೆಯಲ್ಲಿ ಬರೆದಿಡುತ್ತದೆ, ಕಂಪ್ಯೂಟರಿನ ಅಂಥದೇ ವ್ಯವಸ್ಥೆ ಎನ್‌ಟಿಎಫ್‌ಎಸ್ ಅದಕ್ಕಿಂತ ಎಷ್ಟೋ ಸೂಕ್ಷ್ಮವಾಗಿ. ಫೋಟೊ ಕಾರ್ಡಿಗೂ ಡಿಸ್ಕಿಗೂ ಓಡಾಡುವಾಗ ಈ ಒಂದೆರಡು ಸೆಕೆಂಡಿನ ವ್ಯತ್ಯಾಸ ನುಸುಳಿ, ಒಂದೇ ಫೈಲನ್ನು ತಂತ್ರಾಂಶ ಬೇರೆ ಎಂದು ತಿಳಿದು ಮತ್ತೊಮ್ಮೆ ಕಾಪಿ ಹೊಡೆಯುತ್ತದೆ. ವಿಂಡೋಸಿನಲ್ಲೇ ಇರುವ ರೋಬೊಕಾಪಿ ಎಂಬ ಕಾಪಿ ಆಜ್ಞೆ ಬಳಸುವವರು ಎಫ್‌ಎಫ್‌ಟಿ ಎಂಬ ಆಯ್ಕೆ ಸೇರಿಸಿದರೆ ಅದು ಎರಡು ಸೆಕೆಂಡನ್ನು ಮನ್ನಾ ಮಾಡುತ್ತದೆ.

ಇಷ್ಟರಮಟ್ಟಿಗೆ ಲೆಕ್ಕ ಸುಲಭ, ಬೈಟಿಗೆ ಬೈಟ್ ಒಂದೇ ಆದ ನಕಲನ್ನು ಯಂತ್ರಕ್ಕೆ ಬಿಡಬಹುದು. ಕಷ್ಟ ಇರುವುದು ದೃಶ್ಯ ಒಂದೇ ಆಗಿ ಬೈಟ್ ಬೇರೆ ಆದಾಗ. ವಾಟ್ಸಾಪಿನಲ್ಲಿ ಮಾಮೂಲಿ ರೀತಿ ಕಳಿಸಿದ ಫೋಟೊ ಕುಗ್ಗುತ್ತದೆ, ಮತ್ತೆ ಜೆಪೆಗ್ ಆಗಿ ಒತ್ತಲ್ಪಡುತ್ತದೆ, ತೆಗೆದ ಸಮಯ ಮತ್ತು ಕ್ಯಾಮೆರಾದ ವಿವರ ಇರುವ ಎಕ್ಸಿಫ್ ಭಾಗ ಕಳಚಿಹೋಗುತ್ತದೆ, ಹೆಸರೂ ಬದಲಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದಂತೆ ಬರುತ್ತದೆ. ಐಫೋನಿನ ಫೋಟೋಸ್ ಸೆಟ್ಟಿಂಗ್ಸ್ ತಳದಲ್ಲಿ ಪಿಸಿಗೆ ವರ್ಗಾಯಿಸುವ ಆಯ್ಕೆ ಆಟೊಮ್ಯಾಟಿಕ್ ಎಂದಿದ್ದರೆ ಹೀಕ್ ಎಂಬ ಐಫೋನಿನ ರೂಪದಲ್ಲಿರುವ ಫೋಟೊ ದಾರಿಯಲ್ಲೇ ಜೆಪೆಗ್ ಆಗಿಬಿಡುತ್ತದೆ. ಮುಂದಿನ ಸಲ ಕೀಪ್ ಒರಿಜಿನಲ್ಸ್ ಇಟ್ಟು ಇಳಿಸಿದರೆ ಅದೇ ಫೋಟೊ ಹೀಕ್ ರೂಪದಲ್ಲಿ ಮತ್ತೆ ಬರುತ್ತದೆ. ಒಂದು ಆಯ್ಕೆ ಹಿಡಿದು ಅದಕ್ಕೇ ಅಂಟಿಕೊಳ್ಳುವುದು ಒಳ್ಳೆಯದು. ಐಫೋನಿನಲ್ಲಿ ತಿದ್ದಿದ ಫೋಟೊಗೆ ಐಎಂಜಿ_ಇ ಎಂದು ಶುರುವಾಗುವ ಜೊತೆಗಾರ ಇರುತ್ತಾನೆ, ಲೈವ್ ಫೋಟೊಗೆ ಒಂದು ಪುಟ್ಟ ವಿಡಿಯೊ ಬಾಲ. ರಾ (ಸಂಸ್ಕರಿಸದ ಮೂಲ ಫೈಲ್) ಮತ್ತು ಜೆಪೆಗ್ ಎರಡನ್ನೂ ಬರೆಯುವ ಕ್ಯಾಮೆರಾದಲ್ಲಿ ಹೆಸರೊಂದೇ, ಕೊನೆಯ ಮೂರಕ್ಷರ ಬೇರೆ. ಇವು ಯಾವುವೂ ಬಿಸಾಕುವ ನಕಲುಗಳಲ್ಲ. ಫೋಟೊವನ್ನು ಬಲಕ್ಕೆ ತಿರುಗಿಸಿ ಸೇವ್ ಮಾಡಿದರೂ ಹ್ಯಾಶ್ ಬದಲಾಗುತ್ತದೆ ಎಂಬುದನ್ನೂ ಇಲ್ಲೇ ಹೇಳಬೇಕು.

ಪಠ್ಯ ಒಂದೇ ಎಂದು ಪ್ರತಿಯನ್ನು ಎಸೆಯಬಾರದು ಎಂಬುದಕ್ಕೆ ನಮ್ಮ ಜಿಲ್ಲೆಗಳಲ್ಲೇ ಕಲ್ಲಿನ ಸಾಕ್ಷಿ ಇದೆ. ಅಶೋಕನ ಕಿರು ಶಿಲಾಶಾಸನದ ಪ್ರತಿಗಳು ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಒಂದು, ಪಾಲ್ಕಿಗುಂಡಿನಲ್ಲಿ ಇನ್ನೊಂದು, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಮತ್ತೊಂದು ಇವೆ. ಒಕ್ಕಣೆ ಹೆಚ್ಚುಕಡಿಮೆ ಒಂದೇ. ಆದರೆ ಬಹುತೇಕ ಶಾಸನಗಳು ದೇವಾನಾಂಪ್ರಿಯ ಎಂಬ ಬಿರುದನ್ನಷ್ಟೇ ಹೇಳುವಾಗ, 1915ರಲ್ಲಿ ಸಿಕ್ಕ ಮಸ್ಕಿಯ ಪ್ರತಿಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ವಾಟ್ಸಾಪ್ ಪ್ರತಿ ಮತ್ತು ಮೂಲ ಅಕ್ಕಪಕ್ಕ ಬಂದಾಗ ಗಾತ್ರ ದೊಡ್ಡದಿರುವುದನ್ನು, ಎಕ್ಸಿಫ್ ಉಳಿದಿರುವುದನ್ನು ಇಟ್ಟುಕೊಳ್ಳಿ. ಮೂಲ ಎಲ್ಲೂ ಸಿಗದಿದ್ದರೆ ಆ ಚಿಕ್ಕ ಪ್ರತಿಯೇ ಮಸ್ಕಿ.

ಇಂಥ ಹೋಲಿಕೆ ಹುಡುಕಲು ಬೇರೆ ಬಗೆಯ ಲೆಕ್ಕ ಬೇಕು. ಅದರಲ್ಲಿ ಸರಳವಾದದ್ದು ಹೀಗೆ: ಫೋಟೊವನ್ನು 9 ಕಂಬ, 8 ಸಾಲಿಗೆ ಕುಗ್ಗಿಸಿ ಕಪ್ಪುಬಿಳುಪು ಮಾಡಬೇಕು, ಅಂದರೆ ಬರೀ 72 ಚುಕ್ಕೆ. ಪ್ರತಿ ಸಾಲಿನಲ್ಲಿ ಪಕ್ಕಪಕ್ಕದ ಚುಕ್ಕೆಗಳಲ್ಲಿ ಎಡಗಡೆಯದು ಹೆಚ್ಚು ಬೆಳಕಿನದೋ ಬಲಗಡೆಯದೋ ಎಂದು ನೋಡಿ 1 ಅಥವಾ 0 ಬರೆಯಬೇಕು. ಸಾಲಿಗೆ 8 ಉತ್ತರ, ಒಟ್ಟು 64 ಬಿಟ್. ಎರಡು ಫೋಟೊಗಳ ಈ ಸಾಲುಗಳಲ್ಲಿ ಎಷ್ಟು ಬಿಟ್ ಬೇರೆ ಇವೆ ಎಂದು ಎಣಿಸಿದರೆ ಅದೇ ಅವುಗಳ ದೂರ. ಕುಗ್ಗಿಸಿದರೂ, ಮತ್ತೆ ಜೆಪೆಗ್ ಮಾಡಿದರೂ ಬೆಳಕು ಕತ್ತಲೆಯ ಏರಿಳಿತ ಉಳಿಯುವುದರಿಂದ ವಾಟ್ಸಾಪ್ ಪ್ರತಿ ಮೂಲದಿಂದ ಒಂದೆರಡು ಬಿಟ್ ದೂರದಲ್ಲಿ ಸಿಕ್ಕಿಬೀಳುತ್ತದೆ. ಉಚಿತವಾಗಿ ಸಿಗುವ ಡಿಜಿಕ್ಯಾಮ್ ಎಂಬ ಫೋಟೊ ತಂತ್ರಾಂಶ ಇನ್ನಷ್ಟು ಸುಧಾರಿತ ಗಣಿತದಿಂದ ಇದೇ ಬಗೆಯ ಹುಡುಕಾಟ ನಡೆಸುತ್ತದೆ.

ಈ ವಿಧಾನ ಎಡವುವುದು ಆರತಕ್ಷತೆಯ ವೇದಿಕೆಯಲ್ಲಿ. ಅದೇ ಹೂವಿನ ಹಿನ್ನೆಲೆ, ಅದೇ ಲೈಟು, ಟ್ರೈಪಾಡಿನ ಮೇಲೆ ಅಲುಗದ ಕ್ಯಾಮೆರಾ, ನಡುವೆ ಅದೇ ಜೋಡಿ. ಬದಲಾಗುವುದು ಮುಯ್ಯಿ ಕೊಡಲು ಬಂದ ಬೀಗರು ಮಾತ್ರ. 72 ಚುಕ್ಕೆಗೆ ಇಳಿಸಿದಾಗ ಸೋದರಮಾವನೂ ಪಕ್ಕದ ಮನೆಯವರೂ ಒಂದೇ ಬೂದು ಬಣ್ಣ. ಆ ಪಟ್ಟಿಯನ್ನು ಎಲ್ಲವನ್ನೂ ಆಯ್ದು ಅಳಿಸಿದರೆ ಆಲ್ಬಮ್ ಕೊಡುವ ದಿನ ಯಾರ ಕಡೆಯವರಿಗೆ ಉತ್ತರ ಹೇಳುವುದು! ಹೋಲಿಕೆಯ ಪಟ್ಟಿಯನ್ನು ಕಣ್ಣಿನಿಂದ ನೋಡಿಯೇ ಅಳಿಸಬೇಕು, ಬೇರೆ ದಾರಿ ಇಲ್ಲ.

ಹಾಗಾಗಿ ನಕಲನ್ನು ಬಾಗಿಲಲ್ಲೇ ತಡೆಯುವುದು ಅಗ್ಗ. ಕ್ಯಾಮೆರಾದ ಮೆನುವಿನಲ್ಲಿ ಫೈಲ್ ಸಂಖ್ಯೆ ಮುಂದುವರಿಯುವ ಆಯ್ಕೆ ಇಡಿ. ಕಾರ್ಡ್ ಬದಲಿಸಿದಾಗಲೆಲ್ಲ 0001ಕ್ಕೆ ಮರಳುವ ಆಯ್ಕೆ ಬೇಡ. ಹೆಸರಿನ ಮೊದಲ ಅಕ್ಷರಗಳನ್ನು ಬದಲಿಸಲು ಬರುವ ಕ್ಯಾಮೆರಾ ಆದರೆ ಎರಡಕ್ಕೂ ಬೇರೆ ಬೇರೆ ಅಕ್ಷರ ಕೊಡಿ, ಗಡಿಯಾರಗಳನ್ನು ಸೆಕೆಂಡಿನವರೆಗೆ ಹೊಂದಿಸಿ. ಪ್ರತಿ ಕಾರ್ಡಿಗೆ ಪ್ರತಿ ಸಲ ಹೊಸ ಖಾಲಿ ಫೋಲ್ಡರ್ ಮಾಡಿ, ವರ್ಷ ತಿಂಗಳು ದಿನ ಈ ಕ್ರಮದಲ್ಲಿ ಹೆಸರಿಡಿ, 2025-01-15 ಕೊಪ್ಪಳ ಕಾರ್ಡ್ 1 ಎಂಬಂತೆ. ಕಾಪಿಗೆ ಟೆರಾಕಾಪಿಯಂಥ ತಂತ್ರಾಂಶ ಬಳಸಿ ವೆರಿಫೈ ಆನ್ ಮಾಡಿದರೆ ಇಳಿದ ಫೈಲಿನ ಹ್ಯಾಶನ್ನು ಮೂಲದೊಂದಿಗೆ ತಾಳೆ ನೋಡುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಎರಡನೇ ಡಿಸ್ಕಿಗೂ ಒಂದು ಪ್ರತಿ ಹೋದ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಹಳೆಯ ಫೋಟೊ ಉಳಿದಿರುವ ಕಾರ್ಡನ್ನು ಮತ್ತೆ ಕ್ಯಾಮೆರಾಗೆ ಹಾಕುವ ಅಭ್ಯಾಸ ತಪ್ಪಿದರೆ ಅರ್ಧ ನಕಲು ಹುಟ್ಟುವುದೇ ಇಲ್ಲ.

ಫೋಟೊ ಜೋಡಿಸಿ ತಿದ್ದುವ ಲೈಟ್‌ರೂಮ್ ಕ್ಲಾಸಿಕ್ ತಂತ್ರಾಂಶ ಇರುವವರು ಇಂಪೋರ್ಟ್ ಕಿಟಕಿಯಲ್ಲಿ ಶಂಕಿತ ನಕಲುಗಳನ್ನು ತರಬೇಡ ಎಂಬುದಕ್ಕೆ ಟಿಕ್ ಹಾಕಬೇಕು. ಅದು ನೋಡುವುದು ಮೂರು ಸಂಗತಿ: ಮೂಲ ಹೆಸರು, ಎಕ್ಸಿಫಿನಲ್ಲಿರುವ ತೆಗೆದ ಸಮಯ, ಫೈಲಿನ ಗಾತ್ರ. ಮೂರೂ ಹೊಂದಿದರೆ ಮಾತ್ರ ನಕಲು. ಕಾರ್ಡಿನಲ್ಲಿರುವಾಗಲೇ ಹೊರಗಿನಿಂದ ಹೆಸರು ಬದಲಿಸಿದರೆ ಈ ಕಾವಲು ಕೆಲಸ ಮಾಡದು. ಮದುವೆಗೊಂದು ಕ್ಯಾಟಲಾಗ್ (ತಂದ ಫೋಟೊಗಳ ದಾಖಲೆ) ಮಾಡುವವರಿಗೂ ಇದು ಸಹಾಯಕ್ಕೆ ಬರುವುದಿಲ್ಲ, ಏಕೆಂದರೆ ಒಂದು ಕ್ಯಾಟಲಾಗಿಗೆ ಇನ್ನೊಂದರ ಸುದ್ದಿ ಗೊತ್ತಿಲ್ಲ.

ಈಗಾಗಲೇ ಕೂಡಿಬಿದ್ದ ರಾಶಿ ತೆಗೆಯಲು ನಕಲು ಹುಡುಕುವ ಡ್ಯೂಪ್‌ಗುರು ಎಂಬ ತಂತ್ರಾಂಶ ಸಾಕು, ಅದೂ ಉಚಿತ. ಚೆನ್ನಾಗಿ ಜೋಡಿಸಿಟ್ಟ ಫೋಲ್ಡರನ್ನು ರೆಫರೆನ್ಸ್ ಎಂದು ಗುರುತಿಸಿದರೆ ಅದರೊಳಗಿನ ಫೈಲನ್ನು ಅದು ಅಳಿಸುವುದಿಲ್ಲ. ಮೊದಲ ಸುತ್ತಿನಲ್ಲಿ ಕಂಟೆಂಟ್ಸ್ ಹೋಲಿಕೆ ಮಾತ್ರ, ಚಿತ್ರದ ಹೋಲಿಕೆ ಆಮೇಲೆ. ಬ್ಯಾಕಪ್ ಡಿಸ್ಕನ್ನು ಈ ಹುಡುಕಾಟದ ಹೊತ್ತಿನಲ್ಲಿ ಕಂಪ್ಯೂಟರಿನಿಂದ ಕಿತ್ತಿಡಿ. ಬ್ಯಾಕಪ್ ಎಂಬುದು ಬೇಕೆಂದೇ ಮಾಡಿದ ನಕಲು, ಯಂತ್ರಕ್ಕೆ ಅದರ ಉದ್ದೇಶ ತಿಳಿಯದು. ಸಿಕ್ಕದ್ದನ್ನು ನೇರ ಅಳಿಸದೆ ಬೇರೊಂದು ಫೋಲ್ಡರಿಗೆ ಸರಿಸಿ, ಬಾಕಿ ಇರುವ ಆಲ್ಬಮ್‌ಗಳೆಲ್ಲ ಪ್ರಿಂಟಿಗೆ ಹೋಗುವ ತನಕ ಅಲ್ಲೇ ಬಿಡಿ. ಪೆನ್‌ಡ್ರೈವಿನಲ್ಲಿ, ಮೆಮೊರಿ ಕಾರ್ಡಿನಲ್ಲಿ ಈ ಸಫಾಯಿ ಮಾಡಲೇಬೇಡಿ. ಅಲ್ಲಿ ಅಳಿಸಿದ್ದು ವಿಂಡೋಸಿನ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ.